ಬಿಳಿಯೆಂದು ನಾನು ಹೇಳಿದ ಹೊಗೆ

ಕಳೆದ ತಿಂಗಳು ಹಳೆಯ ಸಹೋದ್ಯೋಗಿಯೊಬ್ಬರ ಗೃಹಪ್ರವೇಶಕ್ಕೆಂದು ಮುಂಬಯಿ ಬಳಿಯ ಕಲ್ಯಾಣದ ಪಕ್ಕದ ಶಹಾಡಿಗೆ ಹೋಗಿದ್ದೆ. ಹದಿನೆಂಟನೆಯ ಮಹಡಿ. ಊಟಕ್ಕೆ ಮೊದಲು ಅವರು ಬಂದವರನ್ನೆಲ್ಲ ಬಾಲ್ಕನಿಗೆ ಕರೆದುಕೊಂಡು ಹೋಗಿ ನದಿಯನ್ನು ತೋರಿಸುತ್ತಿದ್ದರು. ಎಲ್ಲರೂ ನದಿಯನ್ನು ನೋಡುತ್ತಿದ್ದರೆ ನಾನು ರೈಲು ಹಳಿಯ ಆಚೆ ಒಂದು ಚಿಮಣಿಯನ್ನು ಹುಡುಕುತ್ತಿದ್ದೆ. ಅದು ಇರಲಿಲ್ಲ. ಅದಿದ್ದ ಜಾಗದಲ್ಲಿ ನೀಲಿ ಶೀಟಿನ ಗೋದಾಮು ಎದ್ದಿತ್ತು. ಅದರ ಪಶ್ಚಿಮಕ್ಕೆ ನಾಲ್ಕು ಮಹಡಿಯ ಹಳೆಯ ಕಟ್ಟಡ ಮಾತ್ರ ಹಾಗೇ ನಿಂತಿತ್ತು. ಹನ್ನೊಂದು ವರ್ಷದ ಹಿಂದೆ ಒಂದು ಚಳಿಗಾಲ ಅಲ್ಲಿ ಬಾಡಿಗೆಗಿದ್ದೆವು. ತಲೆನೋವೆಂದು ಹೇಳಿ ಬೇಗ ಹೊರಟುಬಿಟ್ಟೆ.

ನಮ್ಮವರಿಗೆ ಬ್ಯಾಂಕಿನಲ್ಲಿ ಮೈಸೂರಿನಿಂದ ಕಲ್ಯಾಣಕ್ಕೆ ವರ್ಗವಾಗಿತ್ತು. ನನಗೆ ಆ ಊರು ಮೊದಲ ದಿನದಿಂದಲೇ ಹಿಡಿಸಲಿಲ್ಲ. ಸ್ಟೇಷನ್ನಿನ ಸೇತುವೆಯ ಮೇಲಿನ ನೂಕುನುಗ್ಗಲು, ಸವಾರಿ ತುಂಬದೆ ಹೊರಡದ ರಿಕ್ಷಾ, ಮೂರು ದಿನಕ್ಕೊಮ್ಮೆ ಬರುವ ನೀರು, ಯಾವುದಕ್ಕೂ ನಾನು ಹೊಂದಿಕೊಳ್ಳಲು ಪ್ರಯತ್ನಪಡಲೂ ಇಲ್ಲ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೆನಲ್ಲ, ಹಳಿಯಾಚೆಯ ಒಂದು ಶಾಲೆಯಲ್ಲಿ ತಾತ್ಕಾಲಿಕ ವಿಜ್ಞಾನ ಶಿಕ್ಷಕಿಯಾಗಿ ಸೇರಿಕೊಂಡೆ. ಎಂಟನೇ, ಒಂಬತ್ತನೇ ತರಗತಿಗೆ ಪಾಠ. ಕಟ್ಟಡದಲ್ಲಿ ಎಲ್ಲರೂ ನನ್ನನ್ನು ಟೀಚರ್ ಎಂದೇ ಕರೆಯುತ್ತಿದ್ದರು. ಆ ಹೆಸರಿನ ಜೊತೆಗೆ ಸ್ವಲ್ಪ ಅಹಂಕಾರವೂ ಬಂದಿತ್ತು ಎನ್ನುವುದನ್ನು ಈಗ ಒಪ್ಪಿಕೊಳ್ಳಬಲ್ಲೆ.

ನಮ್ಮ ಮೇಲಿನ ಮನೆಯಲ್ಲಿ ಸರೋಜಕ್ಕ ಇದ್ದರು. ಕಾರ್ಕಳದ ಕಡೆಯವರು. ಗಂಡ ಕಲ್ಯಾಣದ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಸರೋಜಕ್ಕ ಇಬ್ಬರು ಹೆಂಗಸರನ್ನು ಜೊತೆಗಿಟ್ಟುಕೊಂಡು ಹಪ್ಪಳ, ಸಂಡಿಗೆ ಮಾಡಿ ಹೋಟೆಲುಗಳಿಗೆ, ಡೊಂಬಿವಲಿಯ ಕನ್ನಡದ ಮನೆಗಳಿಗೆ ಕೊಡುತ್ತಿದ್ದರು. ಮಳೆ ನಿಂತ ಕೂಡಲೆ ತಾರಸಿಯ ಮುಕ್ಕಾಲು ಪಾಲು ಅವರ ಪ್ಲಾಸ್ಟಿಕ್ ಹಾಳೆಗಳು. ನನ್ನ ಪಾಲಿಗೆ ನೀರಿನ ಟ್ಯಾಂಕಿನ ಪಕ್ಕದ ಒಂದು ಹಗ್ಗ. ಅಕ್ಟೋಬರಿನಲ್ಲಿ ಒಂದು ದಿನ ಗಾಳಿಗೆ ನನ್ನ ಒದ್ದೆ ಸೀರೆ ಹಾರಿ ಅವರ ಸಂಡಿಗೆಯ ಮೇಲೆ ಬಿತ್ತು. ಶಾಲೆಯಿಂದ ಬಂದು ನೋಡಿದರೆ ಹಿಟ್ಟು ಮೆತ್ತಿದ ಸೀರೆ ನನ್ನ ಬಾಗಿಲ ಮುಂದೆ ಮುದ್ದೆಯಾಗಿ ಬಿದ್ದಿತ್ತು. ನಾನು ಮೇಲೆ ಹೋಗಿ ಕೇಳಿದೆ. ಅವರು ಬಿಡಲಿಲ್ಲ. ನಾನೂ ಬಿಡಲಿಲ್ಲ. ತಾರಸಿ ಯಾರಪ್ಪನ ಆಸ್ತಿಯೂ ಅಲ್ಲ ಎಂದೆ. ನಿಮಗೆ ಸೀರೆ ಒಣಗಿದರೆ ಆಯಿತು, ನಮಗೆ ಇದು ಒಣಗಿದರೆ ಮಾತ್ರ ಊಟ ಎಂದು ಅವರು ನಾಲ್ಕು ಮಹಡಿಗೂ ಕೇಳುವ ಹಾಗೆ ಹೇಳಿದರು. ಆಮೇಲೆ ನಮ್ಮಿಬ್ಬರಿಗೂ ಮಾತಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಒಬ್ಬರು ಗೋಡೆಯನ್ನು, ಇನ್ನೊಬ್ಬರು ಕೈಯಲ್ಲಿರುವ ಚೀಲವನ್ನು ನೋಡುತ್ತಿದ್ದೆವು.

ದೀಪಾವಳಿ ಕಳೆದು ಚಳಿ ಶುರುವಾದಾಗ ಸರೋಜಕ್ಕನ ಹಪ್ಪಳ ವಾಪಸು ಬರತೊಡಗಿತು. ಒಂದು ಹೋಟೆಲಿನವರು ನಾಲಿಗೆ ಉರಿಯುತ್ತದೆ ಎಂದರಂತೆ, ಇನ್ನೊಬ್ಬರು ಕಮಟು ವಾಸನೆ ಎಂದರಂತೆ. ಕಾಗೆ ಬರದಿರಲೆಂದು ಹೊದಿಸುತ್ತಿದ್ದ ನೈಲಾನ್ ಬಲೆ ಮುಟ್ಟಿದರೆ ಪುಡಿಯಾಗುತ್ತಿತ್ತು. ಅದು ಹಿಂದಿನ ಓಣಿಯ ಕಾರ್ಖಾನೆಯ ಹೊಗೆಯಿಂದಲೇ ಎಂದು ಅವರು ಹಟ ಹಿಡಿದರು. ಬಟ್ಟೆಗೆ ಬಣ್ಣ ಹಾಕುವವರಿಗೆ ಬೇಕಾದ ಗಂಧಕಾಮ್ಲ ತಯಾರಿಸುವ ಚಿಕ್ಕ ಕಾರ್ಖಾನೆ ಅದು. ಒಂದು ಚಿಮಣಿ, ಅದರ ಮಗ್ಗುಲಲ್ಲೇ ನೀರು ತಣಿಸುವ ಗೋಪುರ, ದಿನವಿಡೀ ಮೇಲೇಳುವ ಹೊಗೆ.

ಆ ಕಾರ್ಖಾನೆಯಲ್ಲಿ ಪಾಳಿಯ ಮುಖ್ಯಸ್ಥರಾಗಿದ್ದವರು ಎರಡನೇ ಮಹಡಿಯ ಪಾಟೀಲರು. ಬಾಗಲಕೋಟೆ ಕಡೆಯವರು, ಕಡಿಮೆ ಮಾತಿನವರು. ನೀರಿಗೆ ಪರದಾಡುತ್ತಿದ್ದ ಕಾಲದಲ್ಲಿ ಕಾರ್ಖಾನೆಯ ಮಾಲೀಕರಿಗೆ ಹೇಳಿ ಕಟ್ಟಡಕ್ಕೆ ಬೋರ್‌ವೆಲ್ ಹಾಕಿಸಿಕೊಟ್ಟವರು. ಕಟ್ಟಡದ ಇನ್ನೂ ಮೂವರು ಅಲ್ಲೇ ಕೆಲಸ ಮಾಡುತ್ತಿದ್ದರು. ಹಾಗಾಗಿ ಸರೋಜಕ್ಕನ ದೂರು ಯಾರಿಗೂ ಬೇಕಾಗಿರಲಿಲ್ಲ. ಸೊಸೈಟಿಯ ಸೆಕ್ರೆಟರಿ ಒಂದು ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆಯೇ ಸಭೆ ಕರೆದರು. ಅದು ಬರೀ ನೀರಿನ ಹಬೆ ಎಂದು ಪಾಟೀಲರು ಹೇಳಿದರು. ಸರೋಜಕ್ಕ ಒಪ್ಪಲಿಲ್ಲ. ಆಗ ಪಾಟೀಲರು ನನ್ನ ಕಡೆ ತಿರುಗಿದರು.

"ಮೇಡಮ್ಮರ, ನೀವು ಸೈನ್ಸ್ ಕಲಿಸಾವ್ರು. ನೀವ ನೋಡಿ ಹೇಳ್ರಿ, ಅದು ಏನು ಅಂತ."

ನಾನು ಎದ್ದು ನಿಂತೆ. ಸೂರ್ಯ ಚಿಮಣಿಯ ಹಿಂದಿನಿಂದ ಮೇಲೇರುತ್ತಿದ್ದ. ಹೊಗೆ ಹತ್ತಿಯಂತೆ ಬೆಳ್ಳಗೆ ಹೊಳೆಯುತ್ತಿತ್ತು. ತರಗತಿಯಲ್ಲಿ ಹೇಳುವ ಹಾಗೆಯೇ ಹೇಳಿದೆ. ಬಿಸಿಲಿನಲ್ಲಿ ಎಲ್ಲ ಬಣ್ಣಗಳೂ ಇರುತ್ತವೆ. ಗಾಳಿಯ ಕಣಗಳು ಬಹಳ ಸಣ್ಣವು, ಅವು ನೀಲಿಯನ್ನೇ ಹೆಚ್ಚು ಚದುರಿಸುತ್ತವೆ, ಅದಕ್ಕೆ ಆಕಾಶ ನೀಲಿ. ಮೋಡದ ನೀರಿನ ಹನಿಗಳು ಅವಕ್ಕಿಂತ ಎಷ್ಟೋ ದೊಡ್ಡವು, ಅವು ಯಾವ ಬಣ್ಣಕ್ಕೂ ಭೇದ ಮಾಡದೆ ಎಲ್ಲವನ್ನೂ ಸಮನಾಗಿ ಚದುರಿಸುತ್ತವೆ, ಎಲ್ಲ ಬಣ್ಣ ಸೇರಿದರೆ ಬಿಳಿ. ಇದು ಬೆಳ್ಳಗಿದೆ, ಆದ್ದರಿಂದ ಇದು ನೀರಿನ ಹನಿ, ನಮ್ಮ ಕಾರ್ಖಾನೆ ಮಾಡಿದ ಚಿಕ್ಕ ಮೋಡ. ಕೊನೆಯ ಮಾತಿಗೆ ಕೆಲವರು ತಲೆದೂಗಿದರು. ನನಗೂ ಹಿತವೆನಿಸಿತು.

ಸರೋಜಕ್ಕ ಎಷ್ಟೋ ದಿನಗಳ ಮೇಲೆ ನನ್ನ ಮುಖ ನೋಡಿ ಮಾತಾಡಿದರು. "ನಾನು ಬಣ್ಣ ಕೇಳ್ಲಿಲ್ಲ ಟೀಚರ್ರೇ. ಬಾಯಲ್ಲಿಟ್ಟರೆ ಉರೀತದೆ ಅಂತ ಹೇಳಿದ್ದು."

"ಹಿಟ್ಟಿಗೆ ಹಾಕೋ ಖಾರ ಹೆಚ್ಚಾಗಿರಬಹುದು, ಸರೋಜಕ್ಕ. ಅದೂ ನಾಲಿಗೆ ಸುಡುತ್ತೆ," ಎಂದೆ. ಹಪ್ಪಳದ ಖಾರ ಎಂದರೆ ಸೋಡಾದಂಥ ಉಪ್ಪು, ಅಳತೆ ತಪ್ಪಿದರೆ ಕಹಿ. ಜನ ನಕ್ಕರು. ಸಭೆ ಮುಗಿಯಿತು.

ಆ ಮಾತು ನಾನು ಅಂದುಕೊಂಡದ್ದಕ್ಕಿಂತ ದೂರ ಹೋಯಿತು. ಕಟ್ಟಡದಿಂದ ಹೋಟೆಲುಗಳಿಗೆ, ಅಲ್ಲಿಂದ ಡೊಂಬಿವಲಿಯ ಮನೆಗಳಿಗೆ. ಸರೋಜಕ್ಕನ ಅಳತೆ ತಪ್ಪಿದೆ, ವಿಜ್ಞಾನದ ಟೀಚರೇ ಹೇಳಿದ್ದಾರೆ ಎಂದು ಜನ ಆಡಿಕೊಂಡರು. ಇಪ್ಪತ್ತು ವರ್ಷ ಆ ಕೈಯಿಂದ ತಿಂದವರು ಬೇರೆ ಕಡೆ ಕೊಳ್ಳತೊಡಗಿದರು. ಡಿಸೆಂಬರ್ ಮುಗಿಯುವುದರೊಳಗೆ ಜೊತೆಗಿದ್ದ ಇಬ್ಬರೂ ಹೆಂಗಸರು ಬರುವುದು ನಿಂತಿತು. ಸರೋಜಕ್ಕ ಒಬ್ಬರೇ ಒಂದೆರಡು ಹಾಳೆ ಹಾಸಿಕೊಂಡು ಬಿಸಿಲಲ್ಲಿ ಕೂತಿರುತ್ತಿದ್ದರು. ಒಮ್ಮೆ ನಾನು ಬಟ್ಟೆ ತೆಗೆಯಲು ಹೋದಾಗ ಅವರು ನನ್ನ ಕಾಲಿನ ಹತ್ತಿರ ಉಗಿದರು. ಬಾಯಿ ತೊಳೆಯುತ್ತಿದ್ದೆ ಎಂದು ಯಾರು ಬೇಕಾದರೂ ಹೇಳಬಹುದಿತ್ತು. ಅವರು ಹೇಳಲಿಲ್ಲ.

ಜನವರಿಯಲ್ಲಿ ಶಾಲೆಯ ಕವಾಯತು ಅಲ್ಲಿನ ತಾರಸಿಯ ಮೇಲೆ ನಡೆಯಬೇಕಾಗಿತ್ತು. ಅಂಗಳದಲ್ಲಿ ಯಾವುದೋ ಕೊಳವೆಗೆ ಅಗೆದಿದ್ದರು. ಜಾಗ ಸಾಲುತ್ತದೆಯೇ ನೋಡಿ ಬಾ ಎಂದು ಮುಖ್ಯೋಪಾಧ್ಯಾಯಿನಿ ನನ್ನನ್ನು ಕಳಿಸಿದರು. ಶಾಲೆ ಕಾರ್ಖಾನೆಗೆ ಪೂರ್ವದಲ್ಲಿತ್ತು. ಬೆಳಗಿನ ಸೂರ್ಯ ನನ್ನ ಬೆನ್ನಿಗಿದ್ದ. ಎದುರಿಗೆ ಅದೇ ಚಿಮಣಿ, ಅದೇ ಗೋಪುರ, ಅವುಗಳ ಹಿಂದೆ ನಮ್ಮ ಕಟ್ಟಡದ ಮಸಿ ಹಿಡಿದ ಗೋಡೆ. ಗೋಪುರದಿಂದ ಎದ್ದ ಬಿಳಿ ಹಬೆ ಎರಡು ಮರದಷ್ಟು ದೂರ ಹೋಗಿ ಗಾಳಿಯಲ್ಲಿ ಆರಿಹೋಗುತ್ತಿತ್ತು, ಕುಕ್ಕರಿನ ಹಬೆ ಆರುವ ಹಾಗೆ. ಆದರೆ ಅದು ಆರಿದ ಮೇಲೂ ಒಂದು ಎಳೆ ಉಳಿಯುತ್ತಿತ್ತು. ಅದು ಚಿಮಣಿಯದು. ಮೇಲೇರದೆ, ಚಳಿಗೆ ತಗ್ಗಿ, ನಮ್ಮ ತಾರಸಿಯ ಮೇಲೆ ಹಾದುಹೋಗುತ್ತಿತ್ತು. ಅದರ ಬಣ್ಣ ನೀಲಿ.

ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ನೀಲಿ ಎಂದರೆ ಅದರ ಕಣಗಳು ನೀರಿನ ಹನಿಗಿಂತ ಬಹಳ ಸಣ್ಣವು. ಸಣ್ಣವಾದ್ದರಿಂದ ಬೇಗ ಕೆಳಗೆ ಬೀಳುವುದಿಲ್ಲ. ನೀರಲ್ಲದ್ದರಿಂದ ಆರುವುದೂ ಇಲ್ಲ. ಗಂಧಕಾಮ್ಲದ ಮಂಜು ಹೀಗೇ ಇರುತ್ತದೆ ಎಂದು ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ನಮ್ಮ ತಾರಸಿಯಿಂದ ಬೆಳಿಗ್ಗೆ ನೋಡಿದರೆ ಸೂರ್ಯ ಹೊಗೆಯ ಹಿಂದಿರುತ್ತಾನೆ. ಹಬೆಯ ಬಿಳಿ ಕಣ್ಣು ಕುಕ್ಕುತ್ತದೆ. ಈ ಎಳೆ ಅದರಲ್ಲಿ ಮುಚ್ಚಿಹೋಗುತ್ತದೆ, ಕಂಡರೂ ಬಿಸಿಲನ್ನು ಒಂಚೂರು ಕಂದು ಮಾಡಿದ ಹಾಗೆ ಕಾಣುತ್ತದೆ, ಅಷ್ಟೆ. ಆ ಸಂಜೆಯೇ ಮನೆಯ ತಾರಸಿಗೆ ಹೋದೆ. ಸೂರ್ಯ ಪಶ್ಚಿಮಕ್ಕೆ ಬಂದಿದ್ದ, ನನ್ನ ಬೆನ್ನಿಗೆ. ಅಲ್ಲಿಂದಲೂ ನೀಲಿಯೇ. ಇದನ್ನು ನೋಡಲು ಶಾಲೆಗೆ ಹೋಗಬೇಕಾಗಿರಲಿಲ್ಲ. ಒಂದು ಸಂಜೆ ಮೆಟ್ಟಿಲು ಹತ್ತಿದ್ದರೆ ಸಾಕಾಗಿತ್ತು.

ಎಂಟು ದಿನ ಎರಡೂ ಕಡೆಯಿಂದ ನೋಡಿ, ಹೊತ್ತು, ಗಾಳಿ, ಸೂರ್ಯನ ದಿಕ್ಕು ಬರೆದು ಒಂದು ಪುಸ್ತಕದಲ್ಲಿ ಚಿತ್ರ ಬಿಡಿಸಿಟ್ಟುಕೊಂಡೆ. ನಮ್ಮವರಿಗೆ ತೋರಿಸಿದೆ. ಅವರು ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು. "ಈಗ ನಿನ್ನನ್ನ ಕೇಳಿದೋರು ಯಾರು?" ಎಂದರು. ಮುಂದಿನ ವರ್ಷ ಹೇಗಿದ್ದರೂ ಇಲ್ಲಿಂದ ವರ್ಗ ಕೇಳುತ್ತೇನೆ, ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರು ಎಂಬುದು ಅವರ ವಾದ. ಆ ವಾರ ಮನೆಯಲ್ಲಿ ನಾವು ಉಪ್ಪು ಕೊಡು, ಬಾಗಿಲು ಹಾಕು ಎನ್ನುವುದಕ್ಕಿಂತ ಹೆಚ್ಚು ಮಾತಾಡಲಿಲ್ಲ.

ಮೊದಲು ಪಾಟೀಲರ ಮನೆಗೆ ಹೋದೆ. ಅವರು ಬಾಗಿಲಲ್ಲೇ ನಿಂತು ನನ್ನ ಚಿತ್ರಗಳನ್ನು ಒಂದೊಂದಾಗಿ ನೋಡಿದರು. ಮುಖ ಗಟ್ಟಿಯಾಯಿತು. ಎರಡು ತಿಂಗಳ ಹಿಂದೆ ಒಂದು ಹೇಳಿ ಈಗ ಇನ್ನೊಂದು ಹೇಳುವುದು ಕಲಿತವರ ಲಕ್ಷಣವಲ್ಲ ಎಂದರು. ಕಾರ್ಖಾನೆ ಮುಚ್ಚಿದರೆ ಈ ಕಟ್ಟಡದ ನಾಲ್ಕು ಮನೆಯ ಒಲೆ ಆರುತ್ತದೆ, ಅದನ್ನೂ ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ ಎಂದು ಬಾಗಿಲು ಹಾಕಿಕೊಂಡರು.

ನಾನು ಸೆಕ್ರೆಟರಿಯನ್ನು ಕಾಡಿ ಇನ್ನೊಂದು ಸಭೆ ಕರೆಸಿದೆ. ಈ ಸಲ ಕೆಳಗೆ, ಗಾಡಿ ನಿಲ್ಲಿಸುವ ಜಾಗದಲ್ಲಿ. ಜನ ಬಂದದ್ದು ಕೇಳುವುದಕ್ಕಲ್ಲ, ಸಿಟ್ಟು ತೀರಿಸಿಕೊಳ್ಳುವುದಕ್ಕೆ ಎಂದು ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ಒಂದು ಊದುಬತ್ತಿ ಹಚ್ಚಿದೆ. ಒಂದು ಪಕ್ಕದಿಂದ ಬಿಸಿಲು ಬೀಳುವ ಹಾಗೆ, ಹಿಂದೆ ಕಪ್ಪು ಛತ್ರಿ ಬಿಚ್ಚಿ ಹಿಡಿದು ತೋರಿಸಿದೆ. ಹೊಗೆ ನೀಲಿಯಾಗಿ ಕಂಡಿತು. ಅದೇ ಹೊಗೆಯ ಆಚೆ ಬೆಳಕು ಬರುವ ಹಾಗೆ ಗೇಟಿನ ಕಡೆ ಹಿಡಿದೆ. ಕಂದಾಯಿತು. ಅದು ಬದಲಾಗಿಲ್ಲ, ನಾವು ನಿಂತ ಕಡೆ ಬದಲಾಗಿದೆ ಎಂದೆ. ಮೋಡ ಬೆಳ್ಳಗಿರುವುದು ಹನಿ ದೊಡ್ಡದಿರುವುದರಿಂದ ಎಂದು ನಾನು ಹೇಳಿದ್ದು ಸರಿ. ಆದರೆ ಬಿಳಿ ಹಬೆಯ ಹಿಂದೆ ಇನ್ನೊಂದು ಇರಬಹುದು ಎಂದು ನೋಡದೆ ಹೇಳಿದ್ದು ತಪ್ಪು. ಸರೋಜಕ್ಕನ ಹಪ್ಪಳದಲ್ಲಿ ದೋಷವಿರಲಿಲ್ಲ ಎಂದೂ ಹೇಳಿದೆ.

ಕಾರ್ಖಾನೆಯ ಮೂವರಲ್ಲಿ ಒಬ್ಬರು ಮುಂದೆ ಬಂದು ನನ್ನ ಕೈಯಿಂದ ಊದುಬತ್ತಿ ಕಿತ್ತುಕೊಂಡು ಕಂಬಕ್ಕೆ ಒತ್ತಿ ಆರಿಸಿದರು. ಸೆಕ್ರೆಟರಿ ಮರಾಠಿಯಲ್ಲಿ, ಮೊದಲು ನೀವು ಒಂದು ನಿರ್ಧಾರಕ್ಕೆ ಬನ್ನಿ ಟೀಚರ್, ಆಮೇಲೆ ನಮ್ಮನ್ನು ಕರೆಯಿರಿ ಎಂದರು. ಎರಡು ತಿಂಗಳಿಂದ ಅಂಥ ಗಾಳಿ ಕುಡಿಸಿ ಈಗ ಹೇಳಲು ಬಂದಿದ್ದೀಯಾ ಎಂದು ಒಂದನೇ ಮಹಡಿಯ ಹೆಂಗಸು ಕೂಗಾಡಿದಳು. ಸರೋಜಕ್ಕ ಮೆಟ್ಟಿಲ ಹತ್ತಿರ ನಿಂತು ಕೇಳಿಸಿಕೊಂಡರು. ನಾನು ಮುಗಿಸುವಷ್ಟರಲ್ಲಿ ಅಲ್ಲಿರಲಿಲ್ಲ.

ಮರುದಿನ ಮಾಲಿನ್ಯ ನಿಯಂತ್ರಣದವರಿಗೆ ಅರ್ಜಿ ಬರೆದು, ಚಿತ್ರಗಳ ನಕಲು ಲಗತ್ತಿಸಿ ಕಳಿಸಿದೆ. ಅಲ್ಲಿಂದ ಮುಂದಿನ ಮೂರು ವಾರ ಕಟ್ಟಡದಲ್ಲಿ ನಮ್ಮ ಮನೆಗೊಂದು ಗೋಡೆ ಎದ್ದ ಹಾಗಾಯಿತು. ನಮ್ಮ ನಲ್ಲಿಯಲ್ಲಿ ಮಾತ್ರ ನೀರು ನಿಲ್ಲುತ್ತಿತ್ತು. ಬಾಗಿಲ ಮುಂದೆ ಕಸ. ಹಾಲಿನವನು ನಮ್ಮ ಪ್ಯಾಕೆಟ್ಟನ್ನು ಗೇಟಿನಲ್ಲೇ ಇಟ್ಟು ಹೋಗುತ್ತಿದ್ದ, ಅದು ಒಡೆದಿರುತ್ತಿತ್ತು. ಮನೆಯ ಮಾಲೀಕರು ಫೋನು ಮಾಡಿ, ಮಾರ್ಚಿನೊಳಗೆ ಖಾಲಿ ಮಾಡಿ, ಜಗಳಗಂಟರಿಗೆ ಮನೆ ಕೊಟ್ಟೆ ಎಂದು ಸೊಸೈಟಿಯವರು ನನ್ನನ್ನು ಬೈಯುತ್ತಿದ್ದಾರೆ ಎಂದರು. ನಮ್ಮವರು ಫೋನು ಇಟ್ಟು ನನ್ನ ಕಡೆ ಒಮ್ಮೆ ನೋಡಿದರು. ಬೈದಿದ್ದರೆ ಹಗುರವಾಗುತ್ತಿತ್ತು.

ಅಧಿಕಾರಿ ಬಂದ ದಿನ ಕಾರ್ಖಾನೆ ನಿಂತಿತ್ತು. ಚಿಮಣಿಯಲ್ಲಿ ಹೊಗೆಯೇ ಇಲ್ಲ. ಅವರು ನನ್ನ ಪುಸ್ತಕವನ್ನು ಪೂರ್ತಿ ನೋಡಿದರು. ಚಿತ್ರ ಚೆನ್ನಾಗಿದೆ, ಆದರೆ ಚಿತ್ರದ ಮೇಲೆ ಯಾರಿಗೂ ನೋಟಿಸು ಕೊಡಲಾಗುವುದಿಲ್ಲ ಎಂದು ಮರ್ಯಾದೆಯಾಗಿಯೇ ಹೇಳಿ ಒಳಗೆ ಹೋದರು. ನಾನು ಸೋತೆನೆಂದುಕೊಂಡು ಮನೆಗೆ ಬಂದೆ. ಒಂದು ವಾರದ ಮೇಲೆ ಕಾರ್ಖಾನೆಯ ಗೇಟಿಗೆ ಕಾಗದ ಅಂಟಿಸಿದ್ದರು. ರಿಪೇರಿ ಆಗುವವರೆಗೆ ಕೆಲಸ ನಿಲ್ಲಿಸಲು ಆದೇಶ. ಪಾಟೀಲರ ಕೆಲಸ ಹೋಯಿತು ಎಂಬ ಸುದ್ದಿಯೂ ಅದರ ಬೆನ್ನಿಗೇ ಬಂತು.

ಒಂದು ದಿನ ಪಾಟೀಲರು ಮಧ್ಯಾಹ್ನದ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಕೂತಿದ್ದರು. ಅಷ್ಟು ವರ್ಷ ಆ ಹೊತ್ತಿನಲ್ಲಿ ಮನೆಯಲ್ಲಿದ್ದು ಅಭ್ಯಾಸವಿರಲಿಲ್ಲವೇನೋ. ಪಕ್ಕದಲ್ಲಿ ಹಾದುಹೋಗಲು ನೋಡಿದೆ. ಅವರು ಸರಿಯಲಿಲ್ಲ.

"ನಿಮ್ಮ ಚಿತ್ರದಿಂದ ಆಗಿದ್ದಲ್ಲರಿ ಇದು," ಎಂದರು. "ಚಿಮಣಿಯೊಳಗ ಆಸಿಡ್ ಹಿಡಿಯೂ ಜಾಳಗಿ ಅದ. ಅದು ಹರದದ್ದು ದೀಪಾವಳಿಕಿಂತ ಮೊದಲ. ಮೂರ ಸಲ ಪಾಳಿ ಪುಸ್ತಕದಾಗ ಬರದಿದ್ದೆ, ಬದಲ ಮಾಡ್ರಿ ಅಂತ. ಮಾಲಕ ಆ ಹಾಳಿ ಹರಿ ಅಂದ, ಹರೀಲಿಲ್ಲ. ಸಾಹೇಬ್ರು ಪುಸ್ತಕ ಕೇಳಿದ್ರು. ಕೊಟ್ಟೆ."

ಗೊತ್ತಿದ್ದೂ ಹಬೆ ಎಂದು ಯಾಕೆ ಹೇಳಿದಿರಿ, ನನ್ನನ್ನು ಯಾಕೆ ಎಬ್ಬಿಸಿ ಕೇಳಿದಿರಿ ಎಂದೆ.

"ಮಾಲಕನ ಮುಂದ ಬಾಯಿ ಇದ್ದಿದ್ದಿಲ್ಲ ನನಗ. ನೀವು ಕಲತಾವ್ರು, ಕಣ್ಣಿಟ್ಟು ನೋಡಿದ ಕೂಡಲೆ ಹಿಡೀತೀರಿ ಅಂತ ತಿಳಕೊಂಡಿದ್ದೆ. ನಿಮ್ಮ ಬಾಯಿಂದ ಬಂದಿದ್ರ ಅವತ್ತ ಮುಗೀತಿತ್ತು, ನಾನೂ ಉಳೀತಿದ್ದೆ. ನೀವು ಮೋಡದ ಪಾಠಾ ಮಾಡಿದ್ರಿ. ಎಲ್ಲಾರೂ ಒಪ್ಪಿದ್ರು. ಆಮ್ಯಾಲೆ ನಾನೂ ಅದನ್ನ ಹೇಳಕೋತ ಹೋದೆ."

ಅವರು ಎದ್ದು ದಾರಿ ಬಿಟ್ಟರು. ಅವರ ಕಣ್ಣಲ್ಲಿದ್ದ ದ್ವೇಷ ನನ್ನ ಮೇಲೆ ಎಷ್ಟು, ತನ್ನ ಮೇಲೆ ಎಷ್ಟು, ನನಗೆ ತಿಳಿಯಲಿಲ್ಲ. ತಿಂಗಳೊಳಗೆ ಅವರ ಕುಟುಂಬ ಮನೆ ಬಿಟ್ಟು ಹೋಯಿತು. ಕಾರ್ಖಾನೆ ಮತ್ತೆ ಆ ಜಾಗದಲ್ಲಿ ಶುರುವಾಗಲಿಲ್ಲ ಎಂದು ಆಮೇಲೆ ಕೇಳಿದೆ.

ಗಾಳಿ ಸ್ವಚ್ಛವಾಯಿತು. ಆದರೆ ಸರೋಜಕ್ಕ ತಾರಸಿಗೆ ಬರಲಿಲ್ಲ. ಕೈತಪ್ಪಿದ ಗಿರಾಕಿಗಳು ಹಿಂದಿರುಗಲಿಲ್ಲ. ಅವರು ಬೆಳಿಗ್ಗೆಯೇ ವಿಠ್ಠಲವಾಡಿಯ ಒಂದು ಹೋಟೆಲಿನ ಅಡುಗೆಮನೆಗೆ ಕೆಲಸಕ್ಕೆ ಹೋಗತೊಡಗಿದ್ದರು, ಇನ್ನೊಬ್ಬರ ಕೈಕೆಳಗೆ.

ಮಾರ್ಚಿನಲ್ಲಿ ನಾವು ಮನೆ ಖಾಲಿ ಮಾಡಿದ ದಿನ ಭಾನುವಾರ. ಸಾಮಾನು ಟೆಂಪೋಗೆ ಏರಿದ ಮೇಲೆ ನಾನು ಒಂದು ಮಹಡಿ ಮೇಲೆ ಹೋಗಿ ಸರೋಜಕ್ಕನ ಬಾಗಿಲು ತಟ್ಟಿದೆ. ತೆರೆದರು. ಒಳಗೆ ಬನ್ನಿ ಎನ್ನಲಿಲ್ಲ. ಹೊರಟಿದ್ದೇವೆ ಎಂದೆ. ಗೊತ್ತುಂಟು ಎಂದರು. ನಾನು ತಪ್ಪು ಹೇಳಿದ್ದೆ ಎಂದು ಎಲ್ಲರೆದುರು ಒಪ್ಪಿಕೊಂಡಿದ್ದನ್ನು ಮತ್ತೆ ಎತ್ತಿದೆ. ಬೆಳಗಿನ ಸೂರ್ಯ, ನಿಂತ ದಿಕ್ಕು, ಹಬೆಯ ಹೊಳಪು ಎಂದು ಏನೇನೋ ಶುರುಮಾಡಿದೆ. ಅವರು ಕೈ ಎತ್ತಿ ನಿಲ್ಲಿಸಿದರು.

"ಅದೆಲ್ಲ ಸೂರ್ಯನ ಮಾತಾಯ್ತು ಟೀಚರ್ರೇ. ನಾನು ಒಂದೇ ಕೇಳುದು. ನಾನು ಖಾರ ಹೆಚ್ಚು ಹಾಕಿದೆ ಅಂತ ನೀವು ಅವತ್ತು ನಿಜಕ್ಕೂ ನಂಬಿದ್ದಿರಾ?"

ಕೆಳಗಿನಿಂದ ಟೆಂಪೋದವನು ಹಾರ್ನು ಹೊಡೆಯುತ್ತಿದ್ದ. ನಮ್ಮವರು ಹೆಸರು ಹಿಡಿದು ಕರೆದರು. ಹೌದು ಎಂದುಬಿಟ್ಟರೆ ಹೊರಟುಬಿಡಬಹುದಿತ್ತು. ಆಗ ಅದು ತಿಳಿಯದೆ ಆದ ತಪ್ಪೆನಿಸುತ್ತಿತ್ತು, ಅದಕ್ಕೆ ಕ್ಷಮೆಯೂ ಉಂಟು.

"ಇಲ್ಲ," ಎಂದೆ. "ನಿಮ್ಮ ಹಪ್ಪಳ ನಾನು ತಿಂದೇ ಇರಲಿಲ್ಲ. ನಿಮ್ಮ ಮೇಲೆ ಸಿಟ್ಟಿತ್ತು."

ಸರೋಜಕ್ಕ ಬಾಗಿಲ ಚಿಲಕದ ಮೇಲೆ ಕೈಯಿಟ್ಟರು.

"ನನಗೆ ಅವತ್ತೇ ಗೊತ್ತಿತ್ತು," ಎಂದರು. "ನಿಮಗೂ ಗೊತ್ತಿತ್ತಾ ಅಂತ ನೋಡಿದೆ ಅಷ್ಟೆ. ಹೋಗಿ, ಗಾಡಿ ಕಾಯ್ತಾ ಉಂಟು."

ಬಾಗಿಲನ್ನು ದೂಡದೆ, ಮೆಲ್ಲಗೆ, ನಾನು ಎದುರಿಗೆ ನಿಂತಿರುವಾಗಲೇ ಹಾಕಿಕೊಂಡರು.